ಬೆರಳ ಸಂದಿನ ಕತ್ತಲು

ನಾನು ಕೆಲಸ ಮಾಡುವ ಚರ್ಮರೋಗ ವಿಭಾಗದ ಮೂಲೆಯ ಕೋಣೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಒಳಗೆ ನೇರಳೆ ಬೆಳಕಿನ ದೀಪ, ಮುಂದೆ ಎರಡು ಕೈ ಒಳಗಿಡುವಷ್ಟು ಜಾಗ. ಆ ಬೆಳಕಲ್ಲಿ ಹೊಳೆಯುವಂಥ ಒಂದು ಕ್ರೀಮ್ ಪಕ್ಕದಲ್ಲೇ ಇರುತ್ತದೆ. ಕೈ ಇಸಬಿನವರು ಬಂದಾಗ ಅದನ್ನು ಅವರ ಮುಂದಿಟ್ಟು, "ಮನೆಯಲ್ಲಿ ದಿನಾ ಹೇಗೆ ಹಚ್ಚಿಕೊಳ್ಳುತ್ತೀರೋ ಹಾಗೇ ಹಚ್ಚಿಕೊಳ್ಳಿ" ಎನ್ನುತ್ತೇನೆ. ಬೇರೇನೂ ಹೇಳುವುದಿಲ್ಲ.

ಅವತ್ತು ಬಂದಿದ್ದವರು ಕಚೇರಿಯೊಂದರಲ್ಲಿ ನೆಲ ಒರೆಸುವ, ಶೌಚಾಲಯ ತೊಳೆಯುವ ಕೆಲಸದವರು. ಆರು ವರ್ಷದಿಂದ ಇಸಬು. ಬೆರಳ ಗಿಣ್ಣುಗಳಲ್ಲಿ ಬಿರುಕು, ಸಂದುಗಳಲ್ಲಿ ಕೆಂಪು, ಅಲ್ಲಲ್ಲಿ ಸಿಪ್ಪೆ. "ಕ್ರೀಮ್ ಹಚ್ಚುತ್ತೀರಾ?" ಅಂತ ಕೇಳಿದ್ದಕ್ಕೆ ಸ್ವಲ್ಪ ಬೇಸರದಿಂದಲೇ, "ದಿನಾ ಹಚ್ತೀನಿ ಸಿಸ್ಟರ್, ಒಂದಿನಾನೂ ಬಿಟ್ಟಿಲ್ಲ" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಟ್ಯೂಬ್ ಅವರ ಚೀಲದಲ್ಲೇ ಇತ್ತು, ಅರ್ಧ ಮುಗಿದಿತ್ತು.

ಕ್ರೀಮ್ ತೆಗೆದುಕೊಂಡು ಎರಡು ಅಂಗೈ ಉಜ್ಜಿದರು. ಕೈಯ ಹಿಂಬದಿಗೆ ಒಂದು ಸಲ ಸವರಿದರು. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟರು, ನಾನು ದೀಪ ಹಾಕಿದೆ. ಅಂಗೈ ನೀಲಿಯಾಗಿ ಹೊಳೆಯಿತು. ಬೆರಳ ಸಂದುಗಳು ಪೂರ್ತಿ ಕತ್ತಲು. ಹೆಬ್ಬೆರಳ ಬುಡ ಕತ್ತಲು. ಬೆರಳ ತುದಿ, ಉಗುರಿನ ಸುತ್ತ, ಮಣಿಕಟ್ಟು, ಎಲ್ಲವೂ ಕತ್ತಲು. ಅವರು ಬೆರಳುಗಳನ್ನು ಅಗಲಿಸಿ, ಮಡಚಿ, ಮತ್ತೆ ಅಗಲಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇಲ್ಲೇ ಅಲ್ವಾ ಸಿಸ್ಟರ್, ನನಗೆ ಪ್ರತಿ ಸಲ ಶುರುವಾಗೋದು?"

ಹೌದು, ಅಲ್ಲೇ. ಆರು ವರ್ಷದಲ್ಲಿ ಅವರಿಗೆ ಇದನ್ನು ಯಾರೂ ತೋರಿಸಿರಲಿಲ್ಲ. ಹೇಳಿದ್ದರು, ಖಂಡಿತ ಹೇಳಿದ್ದರು. "ಚೆನ್ನಾಗಿ ಹಚ್ಚಿಕೊಳ್ಳಿ" ಅಂತ ಎಲ್ಲರೂ ಹೇಳಿರುತ್ತಾರೆ. ಹೇಳುವುದಕ್ಕೂ ಕಲಿಸುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ನಾನು ಕಲಿತದ್ದು ಈ ಪೆಟ್ಟಿಗೆಯಿಂದ.

ಮೊದಲ ಕೆಲವು ವರ್ಷ ನಾನೂ ಬರೀ ಹೇಳುತ್ತಿದ್ದೆ. ವೈದ್ಯರು ನೋಡಿ ಕಳಿಸಿದ ಮೇಲೆ ರೋಗಿಗಳು ನನ್ನ ಮೇಜಿಗೆ ಬರುತ್ತಿದ್ದರು. ಒಂದು ಹಾಳೆ ಕೊಡುತ್ತಿದ್ದೆ. ನೀರಲ್ಲಿ ಜಾಸ್ತಿ ಕೈ ಇಡಬೇಡಿ, ಸೋಪು ಕಡಿಮೆ ಮಾಡಿ, ಗ್ಲೌಸ್ ಹಾಕಿ, ಕ್ರೀಮ್ ಹಚ್ಚಿ. ಹತ್ತು ನಿಮಿಷ ಓದಿ ಹೇಳಿ, "ಅರ್ಥ ಆಯ್ತಾ?" ಅಂತ ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಎರಡು ತಿಂಗಳಿಗೆ ಅದೇ ಕೈ, ಅದೇ ಬಿರುಕು ಹೊತ್ತು ವಾಪಸ್ ಬರುತ್ತಿದ್ದರು. ಆಗ ನಮ್ಮಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು, "ಇವರು ಹೇಳಿದ್ದು ಕೇಳಲ್ಲ" ಅಂತ. ನಾನೂ ಹಾಗೆ ಅಂದಿದ್ದೇನೆ. ಈಗ ಆ ಮಾತು ನೆನಪಾದರೆ ಸಂಕಟವಾಗುತ್ತದೆ. ದಿನಕ್ಕೆ ಎಂಟು ಗಂಟೆ ನೀರಲ್ಲೇ ದುಡಿಯುವವರಿಗೆ "ಕೈ ಒದ್ದೆ ಮಾಡ್ಕೋಬೇಡಿ" ಅಂದರೆ ಅವರು ಏನು ಮಾಡಬೇಕು? ತಲೆಯಾಡಿಸಿ ಎದ್ದು ಹೋಗಬೇಕು, ಅಷ್ಟೇ.

ಈಗ ನಾನು ಶುರು ಮಾಡುವುದು ಗೋಡೆಯ ಮಾತಿನಿಂದ. ಚರ್ಮದ ಮೇಲಿನ ಪದರ ಒಂದು ಇಟ್ಟಿಗೆ ಗೋಡೆಯ ಹಾಗೆ. ಸತ್ತ, ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಇರುತ್ತವೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ಕೆಟ್ಟದ್ದು ಒಳಗೆ ಬಾರದ ಹಾಗೆ ಕಾಯುವುದು ಈ ಗೋಡೆ. ಸೋಪು ಕೊಳೆ ತೆಗೆಯುವುದು ಜಿಡ್ಡನ್ನು ಕರಗಿಸಿಕೊಂಡು. ಅದಕ್ಕೆ ಕೈಗೆ ಮೆತ್ತಿದ ಜಿಡ್ಡು ಯಾವುದು, ಗೋಡೆಯ ಗಾರೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆಯುತ್ತದೆ. ಇನ್ನೊಂದು ವಿಷಯ: ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಅಂದರೆ ಅದರ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5. ಮಾಮೂಲಿ ಸೋಪಿನದು 9ರಿಂದ 10. ಪ್ರತಿ ಸಲ ತೊಳೆದಾಗಲೂ ಚರ್ಮ ತನ್ನ ಹುಳಿಗೆ ವಾಪಸ್ ಬರಲು ಹೆಣಗಬೇಕು.

ಇಲ್ಲಿ ಕೆಲವರು ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಾರೆ. ಆಗ ಇನ್ನೊಂದು ಸಂಗತಿ ಹೇಳುತ್ತೇನೆ. ಅಂಗೈಯಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಮುಖಕ್ಕೆ, ತಲೆಗೆ ಇರುವ ಹಾಗೆ ತನ್ನದೇ ಎಣ್ಣೆ ಅಂಗೈಗೆ ಇಲ್ಲ. ಬೆವರು ಇದೆ, ಎಣ್ಣೆ ಇಲ್ಲ. ಕಳೆದುಕೊಂಡದ್ದನ್ನು ನಾವೇ ಹೊರಗಿನಿಂದ ಕೊಡಬೇಕು. ಇದನ್ನು ಕೇಳಿದ ಮೇಲೆ ಕ್ರೀಮ್ ಬಗ್ಗೆ ಜನರ ಭಾವನೆಯೇ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಯವರೆಗೆ ಅದು ಅವರಿಗೆ ಅಲಂಕಾರದ ವಸ್ತು, ಸಮಯ ಸಿಕ್ಕಾಗ ಹಚ್ಚುವಂಥದ್ದು. ಗೋಡೆಗೆ ಗಾರೆ ಅಂತ ತಿಳಿದ ಮೇಲೆ ಅದು ರಿಪೇರಿ ಕೆಲಸ ಆಗುತ್ತದೆ.

ಕೆಲವರ ಗೋಡೆ ಹುಟ್ಟಿನಿಂದಲೇ ತೆಳ್ಳಗೆ. ಈ ಗೋಡೆ ಕಟ್ಟಲು ಬೇಕಾದ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದವರಿಗೆ ಇಸಬು ಬರುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ಚಿಕ್ಕಂದಿನಲ್ಲಿ ಮೊಣಕೈ ಮಡಿಕೆ, ಮೊಣಕಾಲ ಹಿಂದೆ ತುರಿಕೆ ಇದ್ದವರ ಕೈ ಮುಂದೆ ಬೇಗ ಸೋಲುತ್ತದೆ. ಪಕ್ಕದಲ್ಲಿ ಅದೇ ಕೆಲಸ ಮಾಡುವವರ ಕೈ ಚೆನ್ನಾಗಿದ್ದು ತಮ್ಮದು ಮಾತ್ರ ಒಡೆದಾಗ, "ನಾನೇನು ತಪ್ಪು ಮಾಡಿದೆ?" ಅಂತ ಜನ ಕೇಳುತ್ತಾರೆ. ಏನೂ ತಪ್ಪು ಮಾಡಿಲ್ಲ. ಅದನ್ನು ನಾನು ಒತ್ತಿ ಹೇಳುತ್ತೇನೆ.

ಆಮೇಲೆ ಇಬ್ಬರೂ ಕೂತು ಅವರ ಒಂದು ದಿನವನ್ನು ಎಣಿಸುತ್ತೇವೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕೈ ಎಷ್ಟು ಸಲ ಒದ್ದೆಯಾಗುತ್ತದೆ, ಎಷ್ಟು ಹೊತ್ತು ಒದ್ದೆಯಾಗಿರುತ್ತದೆ? ಕೆಲಸದ ಸ್ಥಳಗಳಿಗೆ ಒಂದು ಅಳತೆ ಬಳಕೆಯಲ್ಲಿದೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಕೈ ಒದ್ದೆ, ಇಲ್ಲವೇ 2 ಗಂಟೆಗಿಂತ ಹೆಚ್ಚು ಗಾಳಿಯಾಡದ ಗ್ಲೌಸಿನೊಳಗೆ, ಇಲ್ಲವೇ 20ಕ್ಕಿಂತ ಹೆಚ್ಚು ಸಲ ಕೈ ತೊಳೆಯುವುದು, ಈ ಮೂರರಲ್ಲಿ ಒಂದಿದ್ದರೂ ಅದು ಒದ್ದೆ ಕೆಲಸ. ಕೈಗೆ ಅಪಾಯದ ಕೆಲಸ.

ಹೀಗೆ ಎಣಿಸಿದಾಗ ಎದುರು ಕೂತವರಿಗಿಂತ ನನಗೇ ಜಾಸ್ತಿ ಆಶ್ಚರ್ಯವಾದದ್ದಿದೆ. ಮಗು ಹುಟ್ಟಿ ಮೂರು ತಿಂಗಳಾದ ಒಬ್ಬ ತಾಯಿ ಬಂದಿದ್ದರು. "ನಾನು ಹೊರಗೆ ಕೆಲಸಕ್ಕೇ ಹೋಗ್ತಿಲ್ಲ, ಮನೇಲೇ ಇದ್ದೀನಿ, ಆದ್ರೂ ಹೀಗಾಗಿದೆ" ಅಂದರು. ಎಣಿಸಿದೆವು. ಬಟ್ಟೆ ಬದಲಿಸಿದಾಗ, ಹಾಲು ಕುಡಿಸುವ ಮೊದಲು, ಬಾಟಲಿ ತೊಳೆದಾಗ, ಪಾತ್ರೆ, ಅಡುಗೆ, ಮತ್ತೆ ಮಗು. ಮಧ್ಯಾಹ್ನದ ಹೊತ್ತಿಗೇ ಲೆಕ್ಕ 20 ದಾಟಿತ್ತು. ಅವರ ಕಣ್ಣಲ್ಲಿ ನೀರು ಬಂತು. ಬೇಸರಕ್ಕಲ್ಲ, ಸಮಾಧಾನಕ್ಕೆ. ತಾವು ದಿನವಿಡೀ ಮಾಡುವುದನ್ನು ಒಬ್ಬರು ಮೊದಲ ಸಲ ಕೆಲಸ ಅಂತ ಕರೆದಿದ್ದರು.

ಎಣಿಸಿದ ಮೇಲೆ ನನ್ನ ಪ್ರಶ್ನೆ ಒಂದೇ. ಇದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬದಲಿಸಬಹುದು? ಉತ್ತರ ಅವರೇ ಕೊಡಬೇಕು. ನಾನು ಕೊಟ್ಟರೆ ಅದು ಮತ್ತೆ ಹಾಳೆಯ ಮಾತೇ ಆಗುತ್ತದೆ. ಆ ತಾಯಿ ಸ್ವಲ್ಪ ಯೋಚಿಸಿ, ಬಾಟಲಿಗಳನ್ನು ಒಂದೊಂದೇ ತೊಳೆಯುವ ಬದಲು ಒಟ್ಟಿಗೆ ಎರಡು ಹೊತ್ತು ಗ್ಲೌಸ್ ಹಾಕಿ ತೊಳೆಯುತ್ತೇನೆ ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ನೀರಿನ ಬಿಸಿಯ ಬಗ್ಗೆ ಮಾತ್ರ ನಾನೇ ಹೇಳುತ್ತೇನೆ. ತುರಿಕೆ ಇದ್ದಾಗ ಬಿಸಿ ನೀರು ಬಿದ್ದರೆ ಹಾಯೆನಿಸುತ್ತದೆ. ಆ ಸುಖ ಎಷ್ಟು ಅಂತ ತುರಿಕೆ ಇದ್ದವರಿಗೇ ಗೊತ್ತು. ಆದರೆ ಬಿಸಿ ನೀರು ಗಾರೆಯನ್ನು ಇನ್ನೂ ಬೇಗ ಕರಗಿಸುತ್ತದೆ. ಒಂದು ಗಂಟೆ ಬಿಟ್ಟು ತುರಿಕೆ ದುಪ್ಪಟ್ಟಾಗಿ ಬರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ತೊಳೆದ ಮೇಲೆ ಸೋಪು ಪೂರ್ತಿ ಹೋಗಬೇಕು, ಮುಖ್ಯವಾಗಿ ಉಂಗುರದ ಕೆಳಗಿನಿಂದ. ಉಂಗುರದಡಿ ಸೋಪು ಮತ್ತು ನೀರು ಸಿಕ್ಕಿಕೊಂಡು ಎಷ್ಟೋ ಜನರ ಇಸಬು ಅಲ್ಲಿಂದಲೇ ಶುರುವಾಗುತ್ತದೆ. ಕೆಲಸದ ಹೊತ್ತಲ್ಲಿ ತೆಗೆದಿಡುವುದು ಒಳ್ಳೆಯದು. ಕೈಯನ್ನು ಉಜ್ಜದೆ, ಬಟ್ಟೆಯನ್ನು ಒತ್ತಿ ಒತ್ತಿ ಒರೆಸಬೇಕು, ಬೆರಳ ಸಂದುಗಳನ್ನೂ ಸೇರಿಸಿ.

ಸ್ಯಾನಿಟೈಸರ್ ವಿಷಯ ಬಂದರೆ ಎಲ್ಲರಿಗೂ ಆಶ್ಚರ್ಯ. ಕೈಗೆ ಕೊಳೆ ಕಾಣುವಷ್ಟು ಇಲ್ಲದಿದ್ದಾಗ ಸೋಪು ನೀರಿಗಿಂತ ಆಲ್ಕೋಹಾಲ್ ಇರುವ ಸ್ಯಾನಿಟೈಸರೇ ಚರ್ಮಕ್ಕೆ ಕಡಿಮೆ ಹಾನಿ ಮಾಡುತ್ತದೆ. ಆಸ್ಪತ್ರೆಯ ಸಿಬ್ಬಂದಿಗೆ ಇದೇ ಸಲಹೆ, ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿ ಹೇಳುವುದೂ ಇದನ್ನೇ. "ಆದ್ರೆ ಅದು ಉರಿಯುತ್ತಲ್ಲ?" ಅಂತ ಕೇಳುತ್ತಾರೆ. ಉರಿಯುವುದು ಚರ್ಮ ಆಗಲೇ ಒಡೆದಿರುವುದರಿಂದ. ಸೋಪು ಉರಿಯದೆ ಗೋಡೆ ಒಡೆಯುತ್ತದೆ, ಆಲ್ಕೋಹಾಲ್ ಆ ಒಡಕನ್ನು ತೋರಿಸಿಕೊಡುತ್ತದೆ. ನೋವು ಕೊಟ್ಟದ್ದರ ಮೇಲೆ ಸಿಟ್ಟು ಬರುವುದು ಸಹಜ. ಹಾಗಾಗಿ ತೆರೆದ ಬಿರುಕು ಇರುವ ದಿನಗಳಲ್ಲಿ ನಾನು ಒತ್ತಾಯ ಮಾಡುವುದಿಲ್ಲ. ಬಿರುಕು ಕೂಡಿಕೊಂಡ ಮೇಲೆ ಮತ್ತೆ ಆ ಮಾತು ಎತ್ತುತ್ತೇನೆ.

ಕ್ರೀಮಿನ ವಿಷಯಕ್ಕೆ ಬಂದರೆ ನನಗೆ ಸಮಯ ಸಾಲುವುದಿಲ್ಲ. ಎಷ್ಟು ಹಚ್ಚಬೇಕು? ಔಷಧದ ಕ್ರೀಮಿಗೆ ಒಂದು ಸುಲಭ ಅಳತೆ 1991ರಿಂದ ಬಳಕೆಯಲ್ಲಿದೆ. ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗಿಣ್ಣಿನವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಒಂದು ಕೈಗೆ, ಎರಡೂ ಬದಿಗೆ ಸಾಕು. ಎರಡು ಕೈಗೆ ಎರಡು ಬೆರಳ ತುದಿಯಷ್ಟು. ಮಾಯಿಶ್ಚರೈಸರ್ ಆದರೆ ಅದಕ್ಕಿಂತ ಕಡಿಮೆಯಂತೂ ಬೇಡ. ಬಟಾಣಿ ಕಾಳಿನಷ್ಟು ತೆಗೆದುಕೊಂಡು ಎರಡು ಕೈಗೂ ಹಚ್ಚಿ ಮುಗಿಸುವವರೇ ಜಾಸ್ತಿ. ಹಿಂಡಿ ತೋರಿಸಿದಾಗ "ಇಷ್ಟೊಂದಾ!" ಅನ್ನುತ್ತಾರೆ. ಹೌದು, ಇಷ್ಟೊಂದು.

ಹಚ್ಚುವ ಕ್ರಮವನ್ನು ನಾನು ತಿರುಗಿಸಿಬಿಟ್ಟಿದ್ದೇನೆ. ಎಲ್ಲರೂ ಅಂಗೈಯಿಂದ ಶುರು ಮಾಡುವುದರಿಂದ ಕ್ರೀಮ್ ಎಲ್ಲಾ ಅಲ್ಲೇ ಮುಗಿದುಹೋಗುತ್ತದೆ. ಮೊದಲು ಕೈಯ ಹಿಂಬದಿಗೆ ಹಾಕಿ, ಎರಡು ಕೈಯ ಹಿಂಬದಿಯನ್ನು ಒಂದಕ್ಕೊಂದು ಉಜ್ಜಿ ಅನ್ನುತ್ತೇನೆ. ಆಮೇಲೆ ಬೆರಳುಗಳನ್ನು ಹೆಣೆದು ಸಂದುಗಳು. ಆಮೇಲೆ ಒಂದೊಂದೇ ಬೆರಳು, ಉಗುರಿನ ಬುಡ, ಹೆಬ್ಬೆರಳು ಬೇರೆಯಾಗಿ, ಮಣಿಕಟ್ಟು. ಅಂಗೈ ಕೊನೆಗೆ. ಅಂಗೈಗೆ ಬೇಕಾದಷ್ಟು ಅಷ್ಟರಲ್ಲಿ ತಾನಾಗಿಯೇ ಬಂದಿರುತ್ತದೆ.

ಯಾವ ಕ್ರೀಮ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಸುವಾಸನೆ ಇರಬಾರದು, ಕೊಬ್ಬಿನಂಶ ಜಾಸ್ತಿ ಇರಬೇಕು. ನೀರಾದ ಲೋಷನ್ ಕೈ ಇಸಬಿಗೆ ಸಾಲದು. ಪೆಟ್ರೋಲಿಯಂ ಜೆಲ್ಲಿಯಂಥ ಮುಲಾಮು ಎಲ್ಲಕ್ಕಿಂತ ಗಟ್ಟಿ ಗಾರೆ, ಆದರೆ ಜಿಗುಟು. ಜಿಗುಟು ಅನ್ನುವುದು ಸಣ್ಣ ಮಾತಲ್ಲ. ಕಾಗದ ಹಿಡಿಯುವವರಿಗೆ, ಫೋನ್ ಮುಟ್ಟುವವರಿಗೆ, ಮಗು ಎತ್ತುವವರಿಗೆ ಹಗಲಲ್ಲಿ ಅದು ಆಗುವ ಮಾತಲ್ಲ. ಅಂಥವರಿಗೆ ಹಗಲಿಗೆ ಕ್ರೀಮ್, ರಾತ್ರಿ ಮಲಗುವಾಗ ಮುಲಾಮು ಹಚ್ಚಿ ಮೇಲೆ ಹತ್ತಿಯ ಗ್ಲೌಸ್. ಎಷ್ಟೇ ಒಳ್ಳೆಯ ಮುಲಾಮಾದರೂ ಹಚ್ಚದೆ ಕಪಾಟಿನಲ್ಲಿ ಕೂತರೆ ಏನು ಪ್ರಯೋಜನ? ಹಾಗಾಗಿ ನಮ್ಮಲ್ಲಿ ನಾಲ್ಕೈದು ಬಗೆಯನ್ನು ಕೈಯಲ್ಲಿ ಹಚ್ಚಿ ನೋಡಲು ಕೊಡುತ್ತೇವೆ. ಅವರಿಗೆ ಇಷ್ಟವಾದದ್ದೇ ಅವರಿಗೆ ಸರಿಯಾದದ್ದು.

ಟ್ಯೂಬ್ ಎಲ್ಲಿಡುತ್ತೀರಿ ಅಂತಲೂ ಕೇಳುತ್ತೇನೆ. ಇದೇನು ಪ್ರಶ್ನೆ ಅನ್ನಿಸಬಹುದು. ಆದರೆ ಮಲಗುವ ಕೋಣೆಯ ಡ್ರಾಯರಿನಲ್ಲಿರುವ ಟ್ಯೂಬ್ ದಿನಕ್ಕೆ ಒಂದೇ ಸಲ ಕೈಗೆ ಸಿಗುತ್ತದೆ. ಸಿಂಕಿನ ಪಕ್ಕ ಒಂದು, ಚೀಲದಲ್ಲಿ ಒಂದು, ಹಾಸಿಗೆ ಹತ್ತಿರ ಒಂದು ಇದ್ದರೆ ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ. ಕೈ ಒರೆಸಿದ ಬಟ್ಟೆ ಕೆಳಗಿಟ್ಟು ಟ್ಯೂಬ್ ಎತ್ತುವುದು ಒಂದೇ ಕೆಲಸದ ಎರಡು ತುಂಡು ಅನ್ನುವಂತಾಗಬೇಕು.

ಗ್ಲೌಸಿನ ಕಥೆಯೊಂದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ವಿಷಯದ್ದೇ. 1889-90ರ ಚಳಿಗಾಲ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಆಪರೇಷನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಆಗ ಕೈ ಶುದ್ಧಿಗೆ ಪಾದರಸದ ಲವಣದ ದ್ರಾವಣ ಬಳಸುತ್ತಿದ್ದರು. ಅದರಿಂದ ಅವರ ಕೈ ಚರ್ಮ ಕೆಟ್ಟುಹೋಯಿತು. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳು ರಬ್ಬರಿನ ಗ್ಲೌಸ್ ಮಾಡಿಸಿಕೊಟ್ಟರು. ಮುಂದೆ ಅವರಿಬ್ಬರ ಮದುವೆಯೂ ಆಯಿತು. ಇವತ್ತು ಸೋಂಕು ತಡೆಯಲು ಹಾಕುವ ಗ್ಲೌಸ್ ಅಲ್ಲಿ ಬಂದದ್ದು ಸೋಂಕಿಗಾಗಿ ಅಲ್ಲ, ಒಬ್ಬ ನರ್ಸಿನ ಕೈ ಉಳಿಸುವುದಕ್ಕಾಗಿ. ಈ ಕಥೆ ಹೇಳುವಾಗ ನನಗೆ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತದೆ.

ಆದರೆ ಗ್ಲೌಸ್ ಹಾಕಿದರೆ ಆಯಿತು ಅಂತಲೂ ಅಲ್ಲ. ಒಳಗೆ ಕೈ ಬೆವರುತ್ತದೆ, ಬೆವರಿದ ಚರ್ಮ ನೆನೆದು ಮೆತ್ತಗಾಗುತ್ತದೆ. ಅದೂ ಒದ್ದೆ ಕೆಲಸವೇ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತಾದರೆ ಒಳಗೆ ತೆಳು ಹತ್ತಿ ಗ್ಲೌಸ್ ಬೇಕು, ಅದು ತೇವವಾದರೆ ಬದಲಿಸಬೇಕು. ಒದ್ದೆ ಕೈಗೆ ಗ್ಲೌಸ್ ಹಾಕಬಾರದು. ತೂತಾದ ಗ್ಲೌಸ್, ಗ್ಲೌಸ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಸೋಪು ನೀರು ಒಳಗೆ ಸೇರಿ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ.

ಸ್ಟಿರಾಯ್ಡ್ ಮುಲಾಮಿನ ಬಗ್ಗೆ ಎರಡು ಥರದ ಜನ ಬರುತ್ತಾರೆ. ಭಯದಿಂದ ಹಚ್ಚದವರು, ಭಯವಿಲ್ಲದೆ ವರ್ಷಗಟ್ಟಲೆ ಹಚ್ಚುವವರು. ಉರಿಯೂತ ಇದ್ದಾಗ ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಹಚ್ಚಿದರೆ ಅದು ಬಹಳ ಒಳ್ಳೆಯ ಔಷಧ. ತಿಂಗಳುಗಟ್ಟಲೆ ಬಿಡದೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಅಂದರೆ ನಾವು ಕಟ್ಟಬೇಕೆಂದಿದ್ದ ಗೋಡೆಯೇ ಸೊರಗುತ್ತದೆ. ಈಚೆಗೆ ಸ್ಟಿರಾಯ್ಡ್ ಅಲ್ಲದ ಹೊಸ ಮುಲಾಮುಗಳೂ ಬರುತ್ತಿವೆ. ಡೆಲ್ಗೊಸಿಟಿನಿಬ್ ಎಂಬ ಕ್ರೀಮಿಗೆ 2024ರಲ್ಲಿ ಯುರೋಪಿನಲ್ಲಿ, 2025ರಲ್ಲಿ ಅಮೆರಿಕದಲ್ಲಿ, ದೊಡ್ಡವರ ದೀರ್ಘಕಾಲದ ಕೈ ಇಸಬಿಗೆಂದೇ ಒಪ್ಪಿಗೆ ಸಿಕ್ಕಿತು. ನನಗೆ ಖುಷಿಯಾಯಿತು. ಇಷ್ಟು ಜನರನ್ನು ಕಾಡುವ ಕಾಯಿಲೆಗೆ ಅದರ ಹೆಸರಲ್ಲೇ ಹಚ್ಚುವ ಔಷಧ ಬರಲು ಇಷ್ಟು ವರ್ಷ ಬೇಕಾಯಿತು.

ಈಗ ನನ್ನ ಒಂದು ತಪ್ಪಿನ ಬಗ್ಗೆ ಹೇಳಬೇಕು. ಕೂದಲಿಗೆ ಬಣ್ಣ ಹಾಕುವ, ಕತ್ತರಿಸುವ ಕೆಲಸದ ಒಬ್ಬ ಹುಡುಗಿ ಬರುತ್ತಿದ್ದಳು. ತುಂಬಾ ಶ್ರದ್ಧೆ. ಹೇಳಿದ್ದನ್ನೆಲ್ಲಾ ಬರೆದುಕೊಳ್ಳುತ್ತಿದ್ದಳು. ಆದರೂ ಕೈ ಕೆಡುತ್ತಲೇ ಹೋಯಿತು. ಮೂರನೇ ಸಲ ಬಂದಾಗ ನಾನು, "ನಿಜ ಹೇಳಮ್ಮ, ಸರಿಯಾಗಿ ಹಚ್ಚುತ್ತಿದ್ದೀಯಾ?" ಅಂದೆ. ಅವಳ ಮುಖ ಸಣ್ಣದಾಯಿತು. ಏನೂ ಮಾತಾಡಲಿಲ್ಲ. ಆಮೇಲೆ ವೈದ್ಯರು ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿನ ಮೇಲೆ ಸಣ್ಣ ಸಣ್ಣ ಪಟ್ಟಿಗಳಲ್ಲಿ ಬೇರೆ ಬೇರೆ ವಸ್ತುಗಳನ್ನು ಅಂಟಿಸಿ, ಎರಡು ದಿನಕ್ಕೆ ತೆಗೆದು, ನಾಲ್ಕನೇ ದಿನದ ಹೊತ್ತಿಗೆ ಮತ್ತೆ ನೋಡುವ ಪರೀಕ್ಷೆ ಅದು. ಯೋಸೆಫ್ ಯಾಡಾಸ್ಸೋನ್ ಎಂಬ ಚರ್ಮವೈದ್ಯರು 1895ರಲ್ಲಿ ಇದನ್ನು ಮೊದಲು ವಿವರಿಸಿದರು. ಇಂದಿಗೂ ಮುಟ್ಟಿದ ವಸ್ತುವಿನ ಅಲರ್ಜಿ ಹಿಡಿಯಲು ಇದೇ ದಾರಿ.

ಅವಳಿಗೆ ಎರಡು ಅಲರ್ಜಿ ಸಿಕ್ಕವು. ಒಂದು ಕೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಅದು ನಮಗೆ ಅಂದಾಜಿತ್ತು. ಇನ್ನೊಂದು ಮಿಥೈಲ್‌ಐಸೋಥಯಾಝೊಲಿನೋನ್, ಕೆಡದಂತೆ ಸೇರಿಸುವ ಒಂದು ರಾಸಾಯನಿಕ. ಅದು ಅವಳು ದಿನಾ ಆರು ಸಲ ಹಚ್ಚುತ್ತಿದ್ದ ಕ್ರೀಮಿನಲ್ಲೇ ಇತ್ತು. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರಿಂದಲೇ ಅವಳ ಕೈ ಕೆಟ್ಟಿತ್ತು. ಮುಂದಿನ ಸಲ ಬಂದಾಗ ನಾನು ಕ್ಷಮೆ ಕೇಳಿದೆ. ಅವಳು, "ಪರವಾಗಿಲ್ಲ ಸಿಸ್ಟರ್, ಕಾರಣ ಗೊತ್ತಾಯ್ತಲ್ಲ" ಅಂದಳು. ಆದರೆ ಆ ಪ್ರಶ್ನೆ ಕೇಳಿದಾಗಿನ ಅವಳ ಮುಖ ನನಗೆ ಇವತ್ತಿಗೂ ಮರೆಯಲಾಗಿಲ್ಲ. ಅಂದಿನಿಂದ, ಕೈ ಸುಧಾರಿಸಲಿಲ್ಲ ಅಂದರೆ ನಾನು ಮೊದಲು ಅನುಮಾನಿಸುವುದು ನನ್ನ ಸಲಹೆಯನ್ನು. ಮೂರು ತಿಂಗಳು ದಾಟಿದ ಕೈ ಇಸಬಿಗೆ ಪ್ಯಾಚ್ ಟೆಸ್ಟ್ ಆಗಿದೆಯಾ ಅಂತ ಫೈಲಿನಲ್ಲಿ ನೋಡದೆ ಕ್ರೀಮಿನ ಪಾಠ ಶುರು ಮಾಡುವುದಿಲ್ಲ. ಅಲರ್ಜಿಯನ್ನು ಒಳ್ಳೆಯ ಅಭ್ಯಾಸದಿಂದ ಗೆಲ್ಲಲು ಆಗುವುದಿಲ್ಲ. ಆ ವಸ್ತುವನ್ನು ಬಿಡಬೇಕು, ಅಷ್ಟೇ.

ಕೂತು ಕಲಿಸಿದರೆ ನಿಜಕ್ಕೂ ಏನಾದರೂ ಬದಲಾಗುತ್ತದಾ ಅಂತ ಹೊಸದಾಗಿ ಸೇರಿದ ನರ್ಸ್‌ಗಳು ಕೇಳುತ್ತಾರೆ. ಡೆನ್ಮಾರ್ಕಿನ ಮೂರು ಆಸ್ಪತ್ರೆಗಳಲ್ಲಿ ಕೈ ಇಸಬು ಇದ್ದ 255 ಸಿಬ್ಬಂದಿಯ ಮೇಲೆ ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಲರ್ಜಿ ಪರೀಕ್ಷೆ ಮಾಡಿ, ಒಬ್ಬೊಬ್ಬರ ಜೊತೆ ಕೂತು ಚರ್ಮದ ಆರೈಕೆ ಕಲಿಸಿದರು. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಐದು ತಿಂಗಳ ಮೇಲೆ ಕಲಿತವರ ಕೈ ಸ್ಪಷ್ಟವಾಗಿ ಸುಧಾರಿಸಿತ್ತು. ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಕೆಲಸದಿಂದ ಬಂದ ತೀವ್ರ ಕೈ ಇಸಬಿನವರನ್ನು ಮೂರು ವಾರ ದಾಖಲಿಸಿಕೊಂಡು ಚಿಕಿತ್ಸೆಯ ಜೊತೆಗೆ ಪಾಠವನ್ನೂ ಮಾಡುತ್ತಾರೆ. ಆಮೇಲೆ ಮತ್ತೆ ಮೂರು ವಾರ ಮನೆಯಲ್ಲಿ ವಿಶ್ರಾಂತಿ, ಕೆಲಸಕ್ಕೆ ಹೋಗುವುದು ಅದಾದ ಮೇಲೆಯೇ. ನನ್ನ ಹತ್ತಿರ ಒಬ್ಬರಿಗೆ ಇರುವುದು ಇಪ್ಪತ್ತು ನಿಮಿಷ. ಆ ಆರು ವಾರ ನೆನೆದಾಗಲೆಲ್ಲಾ ನನಗೆ ಆಸೆಯಾಗುತ್ತದೆ.

ಆ ವಿಶ್ರಾಂತಿಯ ವಾರಗಳು ಸುಮ್ನೆ ಇಟ್ಟದ್ದಲ್ಲ. ಕೈ ಇಸಬಿನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ, ಕೈ ಚೆನ್ನಾಗಿ ಕಂಡ ದಿನ. ಕೆಂಪು ಹೋಯಿತು, ಬಿರುಕು ಮುಚ್ಚಿತು, ತುರಿಕೆ ಇಲ್ಲ. ಗುಣವಾಯಿತು ಅಂತ ಕ್ರೀಮ್ ಬಿಡುತ್ತಾರೆ, ಗ್ಲೌಸ್ ಬಿಡುತ್ತಾರೆ. ಆದರೆ ಕಣ್ಣಿಗೆ ಸರಿಯಾಗಿ ಕಂಡ ಮೇಲೂ ಒಳಗೆ ಗೋಡೆ ಗಟ್ಟಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಹೊಸದಾಗಿ ಕಟ್ಟಿದ ಗೋಡೆಗೆ ನೀರು ಹಾಕುವುದನ್ನು ಎರಡನೇ ದಿನಕ್ಕೇ ನಿಲ್ಲಿಸುತ್ತೀರಾ ಅಂತ ಒಬ್ಬ ಗಾರೆ ಕೆಲಸದವರನ್ನು ಕೇಳಿದ್ದೆ. ಅವರು ತಕ್ಷಣ, "ಇಲ್ಲ, ಬಿರುಕು ಬಿಡುತ್ತೆ" ಅಂದರು. ಹೇಳಿ ಮುಗಿಸುವಷ್ಟರಲ್ಲೇ ತಮ್ಮ ಕೈ ನೋಡಿಕೊಂಡರು. ಅವರಿಗೆ ಮುಂದೆ ನಾನೇನೂ ಹೇಳಬೇಕಾಗಲಿಲ್ಲ.

ಇಷ್ಟೆಲ್ಲಾ ಕಲಿಸುವಾಗ ನಾನು ಮರೆಯಬಾರದು ಅಂದುಕೊಳ್ಳುವುದು ಒಂದಿದೆ. ಎದುರಿಗೆ ಕೂತವರು ನಾಚಿಕೊಂಡಿರುತ್ತಾರೆ. ಕೈ ಮುಚ್ಚಿಟ್ಟುಕೊಳ್ಳಲು ಆಗದ ಅಂಗ. ಲೆಕ್ಕ ಕೊಡುವಾಗ, ಪರಿಚಯ ಮಾಡಿಕೊಳ್ಳುವಾಗ, ಊಟ ಬಡಿಸುವಾಗ ಜನ ಮೊದಲು ನೋಡುವುದು ಕೈಯನ್ನೇ. "ಅಂಟುತ್ತಾ?" ಅಂತ ಎಷ್ಟೋ ಜನ ಅವರನ್ನು ಕೇಳಿರುತ್ತಾರೆ. ಇಸಬು ಅಂಟುವುದಿಲ್ಲ. ಅದನ್ನು ಬಾಯಲ್ಲಿ ಹೇಳುವುದರ ಜೊತೆಗೆ ನಾನು ಅವರ ಕೈಯನ್ನು ಗ್ಲೌಸ್ ಇಲ್ಲದೆ ನನ್ನ ಕೈಯಲ್ಲಿ ಹಿಡಿದುಕೊಂಡು ನೋಡುತ್ತೇನೆ, ತೆರೆದ ಗಾಯ ಅಥವಾ ಕೀವು ಇಲ್ಲದಿದ್ದರೆ. ಆ ಒಂದು ನಿಮಿಷದಲ್ಲಿ ಕೆಲವರ ಹೆಗಲು ಸಡಿಲವಾಗುವುದು ಕಾಣುತ್ತದೆ. ಮಾತು ಕಿವಿಗೆ ಹೋಗಲು ಶುರುವಾಗುವುದೇ ಆಮೇಲೆ.

ಆ ನೆಲ ಒರೆಸುವ ಕೆಲಸದವರು ಮೂರು ತಿಂಗಳಿಗೆ ಮತ್ತೆ ಬಂದರು. ಉಂಗುರ ಬೆರಳಲ್ಲಿರಲಿಲ್ಲ, ಕೊರಳ ಸರದಲ್ಲಿತ್ತು. ಗಿಣ್ಣಿನ ಬಿರುಕು ಮುಚ್ಚಿತ್ತು. ಎಡಗೈಯ ಒಂದು ಸಂದಿನಲ್ಲಿ ಇನ್ನೂ ಸ್ವಲ್ಪ ಕೆಂಪು. ಕೆಲಸದ ಜಾಗದಲ್ಲಿ ಮೇಲ್ವಿಚಾರಕರ ಹತ್ತಿರ ಮಾತಾಡಿ ಹತ್ತಿ ಗ್ಲೌಸ್ ತರಿಸಿಕೊಂಡಿದ್ದರು, ತಮ್ಮೊಬ್ಬರಿಗೇ ಅಲ್ಲ, ಜೊತೆಯ ಇನ್ನಿಬ್ಬರಿಗೂ. ನಾನು ಕೇಳುವ ಮೊದಲೇ ಕಪ್ಪು ಪೆಟ್ಟಿಗೆಯ ಕಡೆ ಕೈ ತೋರಿಸಿ, "ಅದರಲ್ಲಿ ನೋಡೋಣ ಸಿಸ್ಟರ್" ಅಂದರು. ಈ ಸಲ ಕೈಯ ಹಿಂಬದಿಯಿಂದ ಶುರು ಮಾಡಿದರು. ಬೆರಳು ಹೆಣೆದರು. ಒಂದೊಂದೇ ಬೆರಳನ್ನು ಹಿಡಿದು ತಿರುಗಿಸಿ ಹಚ್ಚಿದರು. ನಾನು ಗಡಿಯಾರ ನೋಡಲಿಲ್ಲ.

ದೀಪ ಹಾಕಿದಾಗ ಎರಡೂ ಕೈ ಹೊಳೆದವು, ಸಂದುಗಳು ಕೂಡ. ಬಲಗೈ ಹೆಬ್ಬೆರಳ ಬುಡದಲ್ಲಿ ಮಾತ್ರ ಒಂದು ಸಣ್ಣ ಕಪ್ಪು ತುಂಡು ಉಳಿದಿತ್ತು. ಅವರು ಅದನ್ನು ನನಗಿಂತ ಮೊದಲೇ ಕಂಡರು. "ತಡೀರಿ, ದೀಪ ಆರಿಸಬೇಡಿ" ಅಂತ ಹೇಳಿ, ಎಡಗೈ ಹೊರಗೆ ತೆಗೆದು ಮತ್ತೆ ಸ್ವಲ್ಪ ಕ್ರೀಮ್ ತೆಗೆದುಕೊಂಡರು.